ಕಾಮಾಲೆ ಅಮ್ಮನ ಕೈಯಿಂದ ಒಂದು ಗುಳಿಗೆ

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನನ್ನ ಫೋನಿಗೆ ಒಂದು ಪಟ ಬರುತ್ತದೆ. ಖಾಲಿಯಾದ ಗುಳಿಗೆ ಸ್ಟ್ರಿಪ್ಪಿನ ಪಟ. ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಭರಣಿಯ ಪಕ್ಕ ಇಟ್ಟು ತೆಗೆದದ್ದು. ಹರಿದ ಬೆಳ್ಳಿ ಹಾಳೆ, ಸಾಲಾಗಿ ಒಡೆದ ಗುಳ್ಳೆಗಳು. ಕೆಳಗೆ ಅಕ್ಕನ ಒಂದೇ ಮಾತು: "ಸಾಕಾ?" ನಾನು ಹೆಬ್ಬೆರಳಿನ ಗುರುತು ಕಳಿಸುತ್ತೇನೆ. ಆಮೇಲೆ ಚಾ ಕುಡಿಯುತ್ತೇನೆ. ವಾರದ ಬೇರೆ ಯಾವ ಚಾಕ್ಕೂ ಆ ರುಚಿ ಇರುವುದಿಲ್ಲ.

ಇದು ಶುರುವಾಗಿ ಒಂದು ವರ್ಷದ ಮೇಲಾಯಿತು. ಅದಕ್ಕೆ ಕಾರಣ ನಾನು ಆಡಿದ ಎರಡು ಶಬ್ದ.

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಹೋದದ್ದು ಬೈಂದೂರಿನ ಕಡೆಗೆ. ಅಲ್ಲಿಯ ಗೇರುಬೀಜದ ಕಾರ್ಖಾನೆಯಲ್ಲಿ ತಿರುಳು ವಿಂಗಡಿಸುವ ಮೇಜಿನ ಮುಂದೆ ಇಪ್ಪತ್ತೈದು ವರ್ಷ ನಿಂತಿದ್ದಾಳೆ. ಇಡೀ ಬೀಜ ಒಂದು ಕಡೆ, ಹೋಳಾದದ್ದು ಒಂದು ಕಡೆ, ಕಲೆ ಇದ್ದದ್ದು ಇನ್ನೊಂದು ಕಡೆ. ಅವಳ ಬೆರಳುಗಳು ಆ ಕೆಲಸವನ್ನು ಮಾಡುವಾಗ ಬಾಯಿ ಪಕ್ಕದವಳ ಹತ್ತಿರ ಮಾತಾಡುತ್ತಿರುತ್ತದೆ ಎಂದು ಭಾವ ತಮಾಷೆ ಮಾಡುತ್ತಿದ್ದರು. ಅವಳಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ನಾನು ಹೇಳಹೊರಟ ಸಂಗತಿ ನಡೆಯುವ ಹಿಂದಿನ ವರ್ಷ ಚಪ್ಪಲಿಯ ಪಟ್ಟಿ ಉಜ್ಜಿ ಅವಳ ಬಲಗಾಲಿನ ಕಿರುಬೆರಳಿಗೆ ಗಾಯವಾಗಿತ್ತು. ಕಡಲೆಕಾಳಿನಷ್ಟು ಗಾಯ. ಒಣಗುವುದಕ್ಕೆ ನಾಲ್ಕು ತಿಂಗಳು ಬೇಕಾಯಿತು. ಕುಂದಾಪುರದ ಆಸ್ಪತ್ರೆಗೆ ವಾರಕ್ಕೊಮ್ಮೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ಕೊನೆಯ ದಿನ ಡಾಕ್ಟರು ಅವಳಿಗೆ ಹೇಳದೆ ನನಗೆ ಹೇಳಿದರು: ಗುಳಿಗೆ ತಪ್ಪಿಸಿ ಸಕ್ಕರೆ ಏರಿಸಿಕೊಂಡರೆ, ಮುಂದಿನ ಸಲ ಗಾಯವಾದಾಗ ಬೆರಳು ಉಳಿಯುತ್ತದೆ ಎಂದು ನಾನು ಹೇಳಲಾರೆ.

ಅವಳಿಗೋ ಗುಳಿಗೆ ಎಂದರೆ ಆಗದು. ಹೊಟ್ಟೆ ಉರಿ, ಬಾಯಿಗೆ ತಗಡು ನೆಕ್ಕಿದ ರುಚಿ. "ಗುಳ್ಗಿ ತಿಂದೇ ಹೊಟ್ಟಿ ತುಂಬ್ತ್ ಮಾರಾಯ, ಮತ್ತ್ ಅನ್ನ ಎಲ್ಲಿಗ್ ಹಾಕುದ್?" ಎನ್ನುತ್ತಿದ್ದಳು.

ನಾನು ಕುಂದಾಪುರದಲ್ಲಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಯಾವುದನ್ನಾದರೂ ಕೇಳಿದ ತಕ್ಷಣ ಒಪ್ಪುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ವಿಶ್ವವಿದ್ಯಾಲಯದಲ್ಲಿ ಕಳೆದ ವರ್ಷಗಳು ಅದನ್ನು ಇನ್ನಷ್ಟು ಕೆಡಿಸಿದವು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರುವ ಫಾರ್ವರ್ಡುಗಳನ್ನು ಹಿಡಿದು ನಿಲ್ಲಿಸುವುದು ನನ್ನ ಕೆಲಸವಾಗಿಬಿಟ್ಟಿತ್ತು. ಮರವಂತೆಯ ಹೆದ್ದಾರಿಯಲ್ಲಿ ಹುಲಿ ಎಂದು ಬಂದರೆ ಅದು ಯಾವ ದೇಶದ ಹುಲಿ ಎಂದು ಹುಡುಕಿ ಹಾಕುತ್ತಿದ್ದೆ. ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲಿನಲ್ಲಿದ್ದು ಊರಿಗೆ ಮರಳಿದ ಭಾವ ನನಗೆ 'ಚೆಕ್‌ಪೋಸ್ಟ್' ಎಂದು ಹೆಸರಿಟ್ಟಿದ್ದರು. ಕಾಲೇಜಿನ ಮಕ್ಕಳಿಗೆ ಒಂದು ಶನಿವಾರ ಡೀಪ್‌ಫೇಕ್ ಗುರುತಿಸುವುದು ಹೇಗೆ ಎಂದು ಒಂದು ಗಂಟೆ ಭಾಷಣವನ್ನೂ ಮಾಡಿದ್ದೆ. ತುಟಿ ನೋಡಿ, ರೆಪ್ಪೆ ನೋಡಿ, ಬೆರಳು ಎಣಿಸಿ, ಕಿವಿಯ ಓಲೆ ಎರಡೂ ಒಂದೇ ಇದೆಯೇ ನೋಡಿ. ಮಕ್ಕಳು ಚಪ್ಪಾಳೆ ತಟ್ಟಿದ್ದರು.

ಹೀಗಿರುವಾಗ ಭಾವನೇ ಆ ವಿಡಿಯೋ ಹಾಕಿದ್ದು.

ಅದರಲ್ಲಿ ಇದ್ದವರು ಕಾಮಾಲೆ ಅಮ್ಮ. ಅದು ಅವರ ಹೆಸರಲ್ಲ, ನಮ್ಮ ಕಡೆಯವರು ಕರೆಯುವುದು ಹಾಗೆ. ಬ್ರಹ್ಮಾವರದಿಂದ ಒಳಗೆ, ಹೊಳೆಯ ಈಚೆಯ ಒಂದು ಊರಿನಲ್ಲಿ ಅವರ ಮನೆ. ಅವರ ಅತ್ತೆಯ ಕಾಲದಿಂದ ಆ ಮನೆಯವರು ಕಾಮಾಲೆಗೆ ಹಸಿಮದ್ದು ಕೊಡುತ್ತಾರೆ. ಹಣ ಮುಟ್ಟುವುದಿಲ್ಲ. ರೋಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅವರ ಜಗಲಿಗೆ ಬರಬೇಕು, ಅವರ ಕೈಯಿಂದಲೇ ಕುಡಿಯಬೇಕು. ಕಟ್ಟಿಸಿಕೊಂಡು ಹೋಗುವ ಪದ್ಧತಿ ಇಲ್ಲ. ಗುಣ ಇರುವುದು ಕೈಯಲ್ಲಿ, ಸೊಪ್ಪಿನಲ್ಲಿ ಅಲ್ಲ ಎಂದು ಜನರ ನಂಬಿಕೆ. ಈಗ ಅವರಿಗೆ ಎಂಬತ್ತರ ಹತ್ತಿರ. ಸಣ್ಣ ದೇಹ, ದೊಡ್ಡ ಮೂಗುತಿ.

ವಿಡಿಯೋದಲ್ಲಿ ಅವರು ಜಗಲಿಯಲ್ಲಿ ಕುಳಿತು ಮಾತಾಡುತ್ತಿದ್ದರು. ಇಷ್ಟು ವರ್ಷ ಗುಟ್ಟಾಗಿ ಇಟ್ಟಿದ್ದ ಮದ್ದನ್ನು ಸಾಯುವ ಮೊದಲು ಜನಕ್ಕೆ ಕೊಡಬೇಕೆಂದು ಮನಸ್ಸಾಗಿದೆ. ಇದು ಬರೀ ನೆಲನೆಲ್ಲಿ. ಇದರ ಪುಡಿಯಲ್ಲಿ ಕಾಮಾಲೆ ಮಾತ್ರ ಅಲ್ಲ, ಸಕ್ಕರೆ ಕಾಯಿಲೆಯೂ ನಲವತ್ತು ದಿನಕ್ಕೆ ಹೋಗುತ್ತದೆ. ಇಂಗ್ಲಿಷ್ ಗುಳಿಗೆ ನಿಲ್ಲಿಸಿ, ಅದು ಮೂತ್ರಪಿಂಡ ತಿನ್ನುತ್ತದೆ. ಕೆಳಗಿನ ನಂಬರಿಗೆ ಫೋನ್ ಮಾಡಿ, ಪುಡಿ ಮನೆಗೆ ಬರುತ್ತದೆ.

ಅರ್ಧ ಗಂಟೆಯೊಳಗೆ ಅಕ್ಕನ ಫೋನು.

"ತಮ್ಮ, ಭಾವ ಹಾಕದ್ ಕಂಡ್ಯಾ? ಕಾಮಾಲಿ ಅಮ್ಮಂದ್?"

"ಕಂಡೆ."

"ಸಮಾ ಕಾಣ್. ಖರೇನಾ ಸುಳ್ಳಾ ಹೇಳ್. ನೀನ್ ಹೇಳ್ರೆ ಸೈ, ಮತ್ಯಾರ್ ಹೇಳ್ರೂ ನಾನ್ ಕೇಂಬುದಿಲ್ಲ."

ಆ ಮಾತಿಗೆ ನಾನು ಉಬ್ಬಿದೆನೋ ಏನೋ, ಗೊತ್ತಿಲ್ಲ. ಉಬ್ಬಿರಬೇಕು. ವಿಡಿಯೋವನ್ನು ಏಳೆಂಟು ಸಲ ನೋಡಿದೆ. ಕೈ ಮಡಿಲಲ್ಲಿತ್ತು, ಬೆರಳು ಎಣಿಸಿದೆ, ಐದು ಮತ್ತು ಐದು. ಮೂಗುತಿ ಅದರ ಜಾಗದಲ್ಲೇ ಮಿನುಗುತ್ತಿತ್ತು. ರೆಪ್ಪೆ ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಹತ್ತಾರು ಗುಂಪು ದಾಟಿ ಬಂದ ವಿಡಿಯೋ ಮಸುಕಾಗಿತ್ತು. ಮಸುಕಿನಲ್ಲಿ ದೋಷ ಕಾಣುವುದಿಲ್ಲ ಎನ್ನುವುದು ನನಗೆ ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಏಕೆಂದರೆ ಅಷ್ಟರಲ್ಲಿ ನನಗೆ ಒಂದು ನೆನಪು ಬಂದುಬಿಟ್ಟಿತ್ತು.

ಒಂಬತ್ತು ವರ್ಷದವನಿದ್ದಾಗ ನನಗೆ ಕಾಮಾಲೆ ಆಗಿತ್ತು. ಅಬ್ಬಿ, ಅಂದರೆ ನಮ್ಮ ತಾಯಿ, ನನ್ನನ್ನು ಅದೇ ಮನೆಗೆ ಕರೆದುಕೊಂಡು ಹೋಗಿದ್ದರು. ಕಪ್ಪಗೆ ಸಾರಿಸಿದ ಜಗಲಿ, ಅದರ ತಂಪು. ಕಂಚಿನ ಲೋಟದಲ್ಲಿ ಹಸಿರು ಮಜ್ಜಿಗೆ. ಆಕೆ ಗಲ್ಲ ಹಿಡಿದು ಬಾಯಿ ತೆರೆಸಿ, "ನೆಲನೆಲ್ಲಿ ಮಗ, ಬರೀ ನೆಲನೆಲ್ಲಿ, ಹೆದ್ರ್ಬೇಡ" ಎಂದದ್ದು. ನಲವತ್ತು ವರ್ಷದ ಹಿಂದಿನ ಆ ಸ್ವರ ವಿಡಿಯೋದ ಸ್ವರದೊಳಗಿಂದ ಎದ್ದು ಬಂತು. ಅದೇ 'ಬರೀ ನೆಲನೆಲ್ಲಿ'. ಇನ್ನು ಯಾವ ಪರೀಕ್ಷೆ ಬೇಕು?

ಅಕ್ಕನಿಗೆ ಫೋನ್ ಮಾಡಿ ಹೇಳಿದೆ: "ವಿಡಿಯೋ ನಿಜ. ಅವರ ಮದ್ದು ಸಕ್ಕರೆಗೆ ಆಗ್ತದೋ ಇಲ್ಲವೋ ಅದು ಬೇರೆ ಮಾತು."

ಈಗ ಬರೆಯುವಾಗ ಎರಡನೆಯ ವಾಕ್ಯವನ್ನು ನಾನು ಹೇಳಿದ್ದೇನೆಂದು ನನಗೆ ಖಾತ್ರಿ. ಹಾಗೆ ಖಾತ್ರಿ ಇರುವುದರಿಂದಲೇ ಸ್ವಲ್ಪ ಅನುಮಾನ. ಹೇಳಿದ್ದರೂ ಅಕ್ಕನಿಗೆ ಅದು ಬೇಕಿರಲಿಲ್ಲ. ಅವಳು ಕೇಳಿದ್ದು ಒಂದನ್ನೇ, ನಾನು ಕೊಟ್ಟದ್ದೂ ಅದನ್ನೇ.

ಹನ್ನೆರಡು ದಿನ ಕಳೆದಿರಬಹುದು. ಬೆಳಗಿನ ಮೊದಲ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದೆ. ಬ್ರಹ್ಮಾವರದ ಕಡೆಯಿಂದ ಬರುವ ನಮ್ಮ ಕನ್ನಡ ಉಪನ್ಯಾಸಕರು ಯಾರ ಹತ್ತಿರವೋ ಬೇಸರದಲ್ಲಿ ಮಾತಾಡುತ್ತಿದ್ದರು.

"ಆಯಮ್ಮನ್ ಮನಿ ಎದ್ರ್ ದಿನಾ ಜನ ಮಾರ್ರೆ. ಪುಡಿ ಪೊಟ್ಣ ಹಿಡ್ಕಂಡ್ ಬತ್ರ್. ಅವ್ರ್ ನಂದಲ್ಲ, ನಂದಲ್ಲ ಅಂದೇ ಸುಸ್ತ್."

"ಯಾರ್?" ಎಂದೆ.

"ನಮ್ಮ್ ಕಾಮಾಲಿ ಅಮ್ಮ. ಯಾರೋ ಅವ್ರ್ ಮುಖ, ಸ್ವರ ಎಲ್ಲ ಸೇರ್ಸಿ ಮಾಡ್ಬಿಟ್ಟಿರ್. ಎರ್ಡ್ ವರ್ಷದ್ ಹಿಂದೆ ಒಬ್ಬ ಬಂದ್ ಇಂಟರ್‌ವ್ಯೂ ಮಾಡಿದ್ನಂಬ್ರ್. ಆ ಮುಖವೇ ಇದು."

"ಇಲ್ಲ ಇಲ್ಲ," ಎಂದೆ ನಾನು. "ವಿಡಿಯೋ ನಾನು ನೋಡಿದ್ದೇನೆ. ಅದು ಅವರೇ."

ಅವರು ನನ್ನನ್ನು ನೋಡಿ ನಕ್ಕರು. "ನೀವೂ ನಂಬಿದ್ರ್ಯಾ? ವಿಡಿಯೋದಗೆ ಅವ್ರ್ ಸೊಪ್ಪಿನ ಹೆಸ್ರ್ ಹೇಳ್ತ್ರ್ ಅಲ್ದಾ? ಆ ಮನಿಯರ್ ಮದ್ದಿನ ಹೆಸ್ರ್ ಬಾಯಲ್ಲ್ ಎತ್ತುದೇ ಇಲ್ಲ. ಹೇಳ್ರೆ ಗುಣ ಹೋತ್ತ್ ಅಂದ್ ಲೆಕ್ಕ. ಸ್ವಂತ ಮಗ್ನಿಗೂ ಹೇಳ್ಲಿಲ್ಲ. ಸೊಸಿ ಒಬ್ಳಿಗೆ ಗೊತ್ತ್. ಅದೂ ಕಾಡಿಗ್ ಕರ್ಕಂಡ್ ಹೋಯಿ ಬೆರ್ಳ್ ತೋರ್ಸಿದ್ದ್. ನಮ್ ಊರಲ್ಲ್ ಸಣ್ ಮಕ್ಳಿಗೂ ಗೊತ್ತಿಪ್ಪು ಸಂಗ್ತಿ."

ನನ್ನ ಕೈಯಲ್ಲಿ ಚಾಕ್‌ಪೀಸ್ ಇನ್ನೂ ಇತ್ತು. ಹೆಸರು ಹೇಳುವುದೇ ಇಲ್ಲವೆಂದರೆ ನನ್ನ ಗಲ್ಲ ಹಿಡಿದು ನೆಲನೆಲ್ಲಿ ಎಂದವರು ಯಾರು?

ಅದನ್ನು ಯೋಚಿಸಲು ಆಮೇಲೆ ಸಮಯವಿತ್ತು. ಅಕ್ಕನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಭಾವನಿಗೆ ಮಾಡಿದೆ.

"ಹ್ವಾಯ್ ಚೆಕ್‌ಪೋಸ್ಟ್, ಎಂತ ಇಷ್ಟ್ ಬೇಗ?"

"ಅಕ್ಕ ಎಲ್ಲಿ ಭಾವ?"

"ಅವ್ಳ್ ಬೆಳಿಗ್ಗೆ ಫಸ್ಟ್ ಬಸ್ಸಿಗೇ ಹೋಯಿದ್ಳ್. ಒಂದ್ ತೊಟ್ಟ್ ನೀರೂ ಕುಡಿಲಿಲ್ಲ. ಎಲ್ಲಿಗೆ ಅಂದ್ರೆ 'ಬಂದ್ ಹೇಳ್ತೆ' ಅಂದ್ಳ್. ಮೊಬೈಲ್ ಚಾರ್ಜಿಗೇ ಇತ್ತ್, ಮರ್ತಿದ್ಳ್."

"ಪುಡಿ ತರಿಸಿದ್ದಾಳಾ?"

"ಹ್ಞಾ, ನಾಲ್ಕ್ ದಿನ ಆಯ್ತ್ ಕೊರಿಯರ್ ಬಂದ್. ನೀವೇ ಅಲ್ದಾ ಖರೇ ಅಂದದ್ದ್?"

"ಗುಳಿಗೆ ತಗೊಳ್ತಾ ಇದ್ದಾಳಾ ಇಲ್ವಾ?"

ಆಚೆಯಿಂದ ಡಬ್ಬ ತೆರೆದ ಸದ್ದು ಕೇಳಿತು. "ಡಬ್ಬದಗೆ ಸ್ಟ್ರಿಪ್ಪೇ ಇಲ್ಲ ಮಾರ್ರೆ. ಬಿಸಾಡಿದ್ಳಾ ಎಂತದೋ. ಅರೇ, ಟೆನ್ಶನ್ ಮಾಡ್ಬೇಡಿ..." ಎಂದರು. ಅವರ ಸ್ವರದಲ್ಲೇ ಟೆನ್ಶನ್ ಶುರುವಾಗಿತ್ತು.

ಖಾಲಿ ಹೊಟ್ಟೆ ಎಂದ ಮೇಲೆ ಅವಳು ಹೋದದ್ದು ಎಲ್ಲಿಗೆ ಎನ್ನುವುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎರಡು ಪೀರಿಯಡ್ ಬೇರೆಯವರಿಗೆ ಒಪ್ಪಿಸಿ ಫ್ಲೈಓವರ್ ಕೆಳಗೆ ಬಂದು ಬ್ರಹ್ಮಾವರದ ಕಡೆ ಹೋಗುವ ಬಸ್ಸು ಹತ್ತಿದೆ. ಅದೇ ದಾರಿಯಲ್ಲಿ, ಅದೇ ಊರಿನ ನಡುವಿನಿಂದ, ಮೂರು ಗಂಟೆ ಮೊದಲು ಅಕ್ಕ ಹಾದುಹೋಗಿದ್ದಳು. ನನಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ನಾನು ನಗುತ್ತಿದ್ದೆ, ಅದಕ್ಕೇ.

ಸಕ್ಕರೆ ಇರುವವರು ಖಾಲಿ ಹೊಟ್ಟೆಯಲ್ಲಿ ಅಷ್ಟು ದೂರ ಬಸ್ಸಿನಲ್ಲಿ. ನಾಲ್ಕು ದಿನದಿಂದ ಗುಳಿಗೆ ಇಲ್ಲ, ಅದರ ಬದಲು ಯಾವುದೋ ಪುಡಿ. ಕಿಟಕಿಯ ಪಕ್ಕ ಕುಳಿತು ನಾನು ಮನಸ್ಸಿನಲ್ಲಿ ಅವಳ ಕಾಲಿನ ಕಿರುಬೆರಳನ್ನೇ ನೋಡುತ್ತಿದ್ದೆ. ಬ್ಯಾಂಡೇಜ್ ಬಿಚ್ಚುವಾಗ ಅವಳು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡುತ್ತಿದ್ದದ್ದು, ನರ್ಸಿನ ಕೈಯ ಇಕ್ಕಳ. ಕುಂಭಾಶಿಯ ದೇವಸ್ಥಾನದ ಸ್ವಾಗತ ಗೋಪುರ ಬಂದಾಗ ಬಸ್ಸಿನವರೆಲ್ಲ ಎದೆ ಮುಟ್ಟಿಕೊಂಡರು. ನನ್ನ ಕೈಯೂ ಮೇಲೆ ಹೋಗಿತ್ತು. ಕನ್ನಡಕ ಸರಿಮಾಡಿಕೊಂಡೆ.

ಕೋಟ ದಾಟಿದ ಮೇಲೆ ಆ ನೆನಪನ್ನು ಮತ್ತೆ ಎತ್ತಿಕೊಂಡೆ. ಅದರೊಳಗೆ ಏನಿದೆ, ಏನಿಲ್ಲ ಎಂದು ಒಂದೊಂದೇ ನೋಡುತ್ತ ಹೋದೆ. ಜಗಲಿ ಇದೆ. ಲೋಟ ಇದೆ. ಹಸಿರು ಬಣ್ಣ ಇದೆ. ರುಚಿ? ಕಹಿ ಎಂದು ಗೊತ್ತು, ಆದರೆ ನಾಲಿಗೆಗೆ ಬರುವುದಿಲ್ಲ. ಆಕೆ ಗಲ್ಲ ಹಿಡಿದದ್ದು ಕಾಣುತ್ತದೆ. ಆಗ ನನಗೆ ಒಂದು ಸಂಗತಿ ಹೊಳೆಯಿತು. ಗಲ್ಲ ಹಿಡಿದದ್ದು ನನಗೆ ಕಾಣುತ್ತದೆ. ಪಕ್ಕದಿಂದ. ಸ್ವಲ್ಪ ದೂರದಿಂದ. ನನ್ನ ಗಲ್ಲವನ್ನು ಹಿಡಿದಿದ್ದರೆ ನನಗೆ ಕಾಣಬೇಕಾದದ್ದು ಆಕೆಯ ಮುಖ ಮತ್ತು ಮೂಗುತಿ. ನನಗೆ ಕಾಣುವುದು ಒಂದು ಮಗುವಿನ ಕೆನ್ನೆ, ಅದರ ಕಿವಿ.

ನಾನು ಎಲ್ಲಿ ಕುಳಿತು ನೋಡುತ್ತಿದ್ದೆ?

ಬ್ರಹ್ಮಾವರದಲ್ಲಿ ಇಳಿದು ರಿಕ್ಷಾ ಹಿಡಿದೆ. "ಕಾಮಾಲಿ ಅಮ್ಮನ ಮನಿಯಾ?" ಎಂದ ಚಾಲಕ, ಕನ್ನಡಿಯಲ್ಲಿ ನನ್ನ ಕಣ್ಣಿನ ಬಣ್ಣ ನೋಡುತ್ತ. "ಕಾಮಾಲಿಯಾ, ಪುಡಿಯಾ?"

ಮನೆಯ ಹತ್ತಿರ ಹೋಗುವಾಗ ಕಾಲು ನಿಧಾನವಾಯಿತು. ಜಗಲಿಗೆ ಈಗ ಟೈಲ್ಸ್ ಹಾಕಿದ್ದರು. ನಾಲ್ಕೈದು ಜನ ಕುಳಿತಿದ್ದರು, ಒಬ್ಬೊಬ್ಬರ ಪಕ್ಕ ಒಂದೊಂದು ಹಳದಿ ಪೊಟ್ಟಣ. ಮೂಲೆಯಲ್ಲಿ ಕಂಬಕ್ಕೆ ಒರಗಿ ಅಕ್ಕ. ಅವಳ ಮುಂದೆ ಒಂದು ಸ್ಟೀಲ್ ಬಟ್ಟಲಲ್ಲಿ ಗಂಜಿ, ಬದಿಗೆ ಮಿಡಿ ಉಪ್ಪಿನಕಾಯಿ. ಅವಳು ಉಣ್ಣುತ್ತಿದ್ದಳು. ನನ್ನನ್ನು ಕಂಡು ಕೈ ಬಾಯಿಯ ಹತ್ತಿರವೇ ನಿಂತಿತು.

"ಅಯ್ಯೋ, ನೀನ್ ಹ್ಯಾಂಗ್ ಬಂದೆ? ಕ್ಲಾಸಿಲ್ಯಾ?"

"ಪುಡಿ ಎಷ್ಟು ತಿಂದೆ?" ಎಂದೆ. ನನ್ನ ಸ್ವರ ಎಲ್ಲರಿಗೂ ಕೇಳುವಷ್ಟು ಜೋರಿತ್ತು.

ಅಷ್ಟರಲ್ಲಿ ಒಳಗಿನಿಂದ ಕಾಮಾಲೆ ಅಮ್ಮ ಬಂದರು. ವಿಡಿಯೋದಲ್ಲಿ ಇದ್ದದ್ದಕ್ಕಿಂತ ಸಣ್ಣವರು, ಬಗ್ಗಿದವರು. ಆ ವಿಡಿಯೋದ ಹೆಂಗಸು ನೆಟ್ಟಗೆ ಕುಳಿತಿದ್ದಳು. ಇವರಿಗೆ ನೆಟ್ಟಗೆ ಕೂರಲು ಆಗುವುದಿಲ್ಲ. ನಾನು ಬೆರಳು ಎಣಿಸಿದ್ದೆ, ಬೆನ್ನು ನೋಡಿರಲಿಲ್ಲ.

"ಬನಿ, ಕೂಕಣಿ. ನಿಮ್ಮ ಪೊಟ್ಣ ಎಲ್ಲಿ?"

"ಅವ್ನದ್ದಲ್ಲ ಅಮ್ಮ. ಇವ ನನ್ ತಮ್ಮ," ಎಂದಳು ಅಕ್ಕ. "ಕಾಲೇಜ್ ಮಾಷ್ಟ್ರ್. ವಿಡಿಯೋ ಖರೇ ಅಂದವ ಇವ್ನೇ."

ಕಾಮಾಲೆ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೌದಾ? ನಂಗೇ ಗೊತ್ತಿಲ್ದಿದ್ದ್ ಇವ್ರಿಗ್ ಹ್ಯಾಂಗ್ ಗೊತ್ತಾಯ್ತ್?"

ಜಗಲಿಯಲ್ಲಿ ಕುಳಿತವರು ನಕ್ಕರು. ನಾನೂ ನಗಬೇಕಾಯಿತು. ಆದರೂ ಮತ್ತೆ ಕೇಳಿದೆ, ಪುಡಿ ಎಷ್ಟು ತಿಂದೆ ಎಂದು.

"ಎಲ್ಲ್ ತಿಂದಿದೆ?" ಎಂದಳು ಅಕ್ಕ. ತನ್ನ ಚೀಲದಿಂದ ಹಳದಿ ಪೊಟ್ಟಣ ತೆಗೆದು ತೋರಿಸಿದಳು. ಅಂಟಿಸಿದ ಬಾಯಿ ಹಾಗೇ ಇತ್ತು. "ಕೊರಿಯರಿನವ ಕೊಟ್ಟದ್ದ್ ತಿಂದ್ರೆ ಆತ್ತಾ? ಅವ್ನ್ ಕೈಯಗೆ ಎಂತ ಗುಣ ಇತ್ತ್? ಅಮ್ಮನ್ ಕೈಯಂಗ್ ಕೊಡ್ಸ್ಕಣ್ಕ್ ಅಂದೇ ತಂದದ್ದ್. ಇಲ್ಲ್ ಕಂಡ್ರೆ ಇಷ್ಟ್ ಜನ. ಎಲ್ಲರೂ ಅದ್ಕೇ ಬಂದರ್."

"ಗುಳಿಗೆ? ಡಬ್ಬದಲ್ಲಿ ಇಲ್ವಂತೆ."

ಅವಳು ಚೀಲದ ಒಳಗಿನ ಜಿಪ್ ತೆಗೆದು ಸ್ಟ್ರಿಪ್ ಹೊರಗೆ ತೆಗೆದಳು. "ಅಮ್ಮ ಮದ್ದ್ ಕೊಡುವರೆಗೆ ಬೇರೆ ಮದ್ದ್ ಬಿಡ್ಕ್ ಅಂದ್ ಎಲ್ಲಿತ್ತ್? ವಿಡಿಯೋದಗೆ ಅಂದ್ರೆ ಆತಿಲ್ಲ, ಅವ್ರೇ ಎದ್ರ್ ಬಿಡ್ ಅಂದ್ರೆ ಬಿಡುದ್. ನಿನ್ನೆ ರಾತ್ರಿದೂ ತಿಂದಿದೆ. ಅಮ್ಮನಿಗೆ ತೋರ್ಸಿ, ಕೇಂಡೇ ಬಿಡುವ ಅಂದ್ಕಂಡ್ ತಂದೆ."

ನಾನು ಕುಳಿತೆ. ಯಾರೂ ಕೂರಲು ಹೇಳಿರಲಿಲ್ಲ, ಹೇಳಿದ್ದರೋ, ನೆನಪಿಲ್ಲ. ಕಾಮಾಲೆ ಅಮ್ಮನ ಸೊಸೆ ನನಗೂ ಒಂದು ಬಟ್ಟಲು ಗಂಜಿ ತಂದಿಟ್ಟರು. ಪೊಟ್ಟಣ ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದವರೆಲ್ಲರಿಗೂ ಆ ಮನೆಯವರು ಹತ್ತು ದಿನದಿಂದ ಗಂಜಿ ಹಾಕುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಅಕ್ಕ ಬಂದಾಗ ತಲೆಸುತ್ತಿ ಮೆಟ್ಟಿಲಲ್ಲೇ ಕುಳಿತಿದ್ದಳಂತೆ. ಅದನ್ನು ಅವಳು ನನಗೆ ಹೇಳಲಿಲ್ಲ, ಸೊಸೆ ಹೇಳಿದ್ದು.

"ಈ ಹೆಣ್ಣಿಗ್ ಹೇಳಿ ಹೇಳಿ ಸಾಕಾಯ್ತ್," ಎಂದರು ಕಾಮಾಲೆ ಅಮ್ಮ. "ಸಕ್ಕರಿ ಕಾಯ್ಲಿಗ್ ನನ್ ಹತ್ರ ಮದ್ದಿಲ್ಲ. ಇದ್ದಿದ್ರೆ ನಾನೇ ತಿಂತಿದ್ದೆ." ಸೊಸೆಯ ಕಡೆ ತಿರುಗಿ, "ಹೆಣೆ, ನನ್ ಡಬ್ಬಿ ತಕಂಡ್ ಬಾ," ಎಂದರು.

ಬಿಸ್ಕತ್ತಿನ ಹಳೆಯ ಟಿನ್ನು ಬಂತು. ಅದರ ತುಂಬ ಗುಳಿಗೆ ಸ್ಟ್ರಿಪ್ಪುಗಳು. ಒಂದನ್ನು ಎತ್ತಿ ಅಕ್ಕನ ಸ್ಟ್ರಿಪ್ಪಿನ ಪಕ್ಕ ಹಿಡಿದರು. ಅದೇ ಬಣ್ಣ, ಅದೇ ಗಾತ್ರ.

"ಹನ್ನೆರ್ಡ್ ವರ್ಷ ಆಯ್ತ್ ನಂಗೆ. ದಿನಕ್ಕ್ ಎರ್ಡ್. ಸರ್ಕಾರಿ ಆಸ್ಪತ್ರಿಯರ್ ಕೊಡುದ್."

ಅಕ್ಕ ಆ ಟಿನ್ನನ್ನು ನೋಡುತ್ತ ಕುಳಿತಳು. ನಾನು ಎಂಟು ವರ್ಷ ಹೇಳಿದ್ದು, ಡಾಕ್ಟರು ಹೇಳಿದ್ದು, ಚಾರ್ಟು ತೋರಿಸಿದ್ದು ಯಾವುದೂ ಮಾಡದ ಕೆಲಸವನ್ನು ಆ ಟಿನ್ನು ಮಾಡುತ್ತಿತ್ತು.

"ಹಾಂಗಾರ್ ನೀವೇ ಕೊಡಿ," ಎಂದಳು ಕೊನೆಗೆ. ತನ್ನ ಸ್ಟ್ರಿಪ್ಪನ್ನು ಅವರ ಕೈಗೆ ಕೊಟ್ಟಳು.

"ಎಂತ ಕೊಡುದ್?"

"ಗುಳ್ಗಿ. ನಿಮ್ ಕೈಯಂಗ್. ಅಷ್ಟ್ ದೂರ ಬಂದಿದೆ, ಖಾಲಿ ಹೋಪುಕಾತಿಲ್ಲ."

ಕಾಮಾಲೆ ಅಮ್ಮ ಒಮ್ಮೆ ನನ್ನನ್ನು ನೋಡಿದರು. ಮತ್ತೆ ಪೂರ್ವಕ್ಕೆ ತಿರುಗಿ ಕುಳಿತು, ಸ್ಟ್ರಿಪ್ ಒಡೆದು ಗುಳಿಗೆ ತೆಗೆದು, ಅಕ್ಕನ ಬಲ ಅಂಗೈಯಲ್ಲಿ ಇಟ್ಟರು. ಅಕ್ಕ ಎರಡು ಕೈ ಸೇರಿಸಿ ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡಳು. ಕಂಚಿನ ಲೋಟದಲ್ಲಿ ನೀರು. ನಾನು ಕಂಬದ ಆಚೆಯಿಂದ, ಸ್ವಲ್ಪ ದೂರದಿಂದ, ಪಕ್ಕದಿಂದ ನೋಡುತ್ತಿದ್ದೆ. ಅಕ್ಕನ ಕೆನ್ನೆ, ಅವಳ ಕಿವಿ.

ಆಗ ಕೇಳಿಯೇಬಿಟ್ಟೆ. "ನಲವತ್ತು ವರ್ಷದ ಹಿಂದೆ ನೀವು ನನಗೆ ಕಾಮಾಲೆಗೆ ಮದ್ದು ಕೊಟ್ಟಿದ್ದಿರಿ ಅಮ್ಮ. ಅದು ಯಾವ ಸೊಪ್ಪು ಅಂತ ಹೆಸರೂ ಹೇಳಿದ್ದಿರಿ."

"ನಾನಾ? ಹೆಸ್ರಾ?" ಅವರಿಗೆ ಸಿಟ್ಟೇ ಬಂತು. "ನನ್ ಮಗ್ನಿಗೇ ಹೇಳ್ಲಿಲ್ಲ, ನಿಮ್ಗ್ ಹೇಳ್ತ್ನಾ?"

"ನಿಂಗೆಲ್ಲ್ ಆಯಿತ್ತ್ ಮಾರಾಯ ಕಾಮಾಲಿ?" ಎಂದಳು ಅಕ್ಕ, ಗಂಜಿಯ ಬಟ್ಟಲು ಎತ್ತಿಕೊಳ್ಳುತ್ತ. "ಆದ್ದ್ ನಂಗ್. ಒಂಬತ್ತನೇ ಕ್ಲಾಸಗ್. ನೀನ್ ಬಸ್ಸಿಗೆ ಬತ್ತೆ ಅಂದ್ ಹಟ ಮಾಡಿ ಮರ್ಕಿದ್ದಕ್ಕೆ ಅಬ್ಬಿ ನಿನ್ನ್ ಕರ್ಕಂಡ್ ಬಂದದ್ದ್. ಇಲ್ಲೇ, ಈ ಮೆಟ್ಲಗೇ ಕೂಕಂಡಿದ್ದೆ."

"ಹೆಸರು?"

"ವಾಪಾಸ್ ಹೋಪತಿಗೆ ದಾರಿ ಬದಿ ಗಿಡ ಎಲ್ಲ ಕಿತ್ತ್ ಕಿತ್ತ್, ಅಬ್ಬಿ ಇದಾ ಮದ್ದ್, ಅಬ್ಬಿ ಇದಾ ಮದ್ದ್ ಅಂದ್ ಅವ್ಳ್ ಜೀವ ತಿಂದೆ. ಅವ್ಳಿಗ್ ಸಾಕಾಯಿ, 'ಹೌದ್ ಮಾರಾಯ, ಅದೇ, ನೆಲನೆಲ್ಲಿ' ಅಂದ್ಳ್. ಕಾಮಾಲಿಗೆ ಎಲ್ಲರೂ ಹೇಳುದ್ ಅದೇ ಅಲ್ದಾ?"

ಎಲ್ಲರೂ ಹೇಳುವುದು ಅದನ್ನೇ. ಅಬ್ಬಿ ನನ್ನ ಬಾಯಿ ಮುಚ್ಚಿಸಲು ಅದನ್ನು ಹೇಳಿದರು, ವಿಡಿಯೋ ಮಾಡಿದವರು ಎಲ್ಲೋ ಓದಿ ಅದನ್ನು ಬರೆದರು, ನಾನು ಎರಡನ್ನೂ ಸೇರಿಸಿ ಸಾಕ್ಷಿ ಹೇಳಿದೆ. ಒಬ್ಬರ ಸ್ವರವನ್ನು ಇನ್ನೊಬ್ಬರ ಮುಖಕ್ಕೆ ಅಂಟಿಸಲು ನನಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ಆ ದಿನ ಅಕ್ಕನ ಮಾತನ್ನು ನಾನು ಪೂರ್ತಿ ಒಪ್ಪಿದೆ. ಈಗ ಅದನ್ನೂ ಸ್ವಲ್ಪ ಅಲುಗಾಡಿಸಿ ನೋಡುತ್ತೇನೆ. ಅವಳದ್ದೂ ನೆನಪೇ. ಅಬ್ಬಿ ತೀರಿಕೊಂಡು ಆರು ವರ್ಷ, ಕಾಮಾಲೆ ಅಮ್ಮನಿಗೆ ಸಾವಿರಾರು ಮಕ್ಕಳಲ್ಲಿ ನಾವಿಬ್ಬರು ನೆನಪಿಲ್ಲ. ಕೇಳಲು ಬೇರೆ ಯಾರೂ ಇಲ್ಲ. ಆದರೆ ಆ ಕೆನ್ನೆ ಮತ್ತು ಕಿವಿ ಅವಳ ಮಾತಿಗೇ ಹೊಂದುತ್ತವೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತಳು. ಸಾಲಿಗ್ರಾಮದ ಹತ್ತಿರ ಅವಳಿಗೆ ನಿದ್ದೆ ಬಂತು. ಚಪ್ಪಲಿ ಬಿಟ್ಟಿದ್ದಳು. ನಾನು ಬಗ್ಗಿ ಅವಳ ಕಿರುಬೆರಳು ನೋಡಿದೆ. ಗಾಯದ ಕಲೆ ಒಣಗಿ ನಯವಾಗಿತ್ತು, ಸುತ್ತಲಿನ ಚರ್ಮದ ಬಣ್ಣಕ್ಕೆ ಬರುತ್ತಿತ್ತು.

"ಎಂತ ಕಾಂತೆ?" ಎಂದಳು ಕಣ್ಣು ಮುಚ್ಚಿಕೊಂಡೇ.

"ಎಂತ ಇಲ್ಲ."

"ಬೆರ್ಳ್ ಖರೇದೇ. ಎಣ್ಸ್ ಬೇಕಾರೆ."

ಕುಟುಂಬದ ಗುಂಪಿನಲ್ಲಿ ಅಂದೇ ಬರೆದೆ: ಆ ವಿಡಿಯೋ ನಿಜ ಎಂದು ನಾನು ಹೇಳಿದ್ದು ತಪ್ಪು, ಅದು ಯಾರೋ ಸೇರಿಸಿ ಮಾಡಿದ ನಕಲಿ, ಯಾರೂ ಗುಳಿಗೆ ಬಿಡಬೇಡಿ. ಭಾವ ಕೂಡಲೇ ಹಾಕಿದರು: "ಚೆಕ್‌ಪೋಸ್ಟ್ ಇಂದು ರಜೆ." ಕಾಮಾಲೆ ಅಮ್ಮನ ಮನೆಯವರ ಜೊತೆ ಹೋಗಿ ನಾನೂ ನಮ್ಮ ಕನ್ನಡ ಉಪನ್ಯಾಸಕರೂ ಪೊಲೀಸರಿಗೆ ದೂರು ಕೊಟ್ಟೆವು. ವಿಡಿಯೋ ಹೋಯಿತು, ಸ್ವಲ್ಪ ದಿನ ಬಿಟ್ಟು ಬೇರೆ ಹೆಸರಲ್ಲಿ ಬಂತು, ಮತ್ತೆ ಹೋಯಿತು. ಸೊಸೆ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ, ಇದು ನನ್ನ ಮದ್ದಲ್ಲ, ನಂಬಬೇಡಿ ಎಂದು ಹೇಳಿಸಿ ಒಂದು ವಿಡಿಯೋ ಮಾಡಿ ಬಿಟ್ಟರು. ಅದು ನಮ್ಮ ಗುಂಪಿಗೂ ಬಂತು. ಅದರ ಕೆಳಗೆ ನನ್ನ ಸೋದರತ್ತೆ ಕೇಳಿದ್ದರು, ಇದು ಅಸಲಿಯಾ ಅಂತ. ನಾನು ತಕ್ಷಣ ಉತ್ತರಿಸಲಿಲ್ಲ. ಬೆನ್ನು ನೋಡಿದೆ, ಬಗ್ಗಿತ್ತು. ಆದರೂ ಕಾಮಾಲೆ ಅಮ್ಮನ ಮನೆಗೆ ಫೋನ್ ಮಾಡಿ, ಕೇಳಿ, ಆಮೇಲೆ ಹೌದು ಎಂದೆ. ಹಳದಿ ಪೊಟ್ಟಣ ನನ್ನ ಲ್ಯಾಬಿನ ಕಪಾಟಿನಲ್ಲಿದೆ. ಅದರಲ್ಲಿ ಏನೇನಿದೆ ಎಂದು ಹೇಳುವಷ್ಟು ಸಲಕರಣೆ ನಮ್ಮಲ್ಲಿಲ್ಲ. ಮೂಗಿಗೆ ಮೆಂತ್ಯದ ವಾಸನೆ ಬರುತ್ತದೆ.

ಅಕ್ಕ ಈಗ ಗುಳಿಗೆ ತಪ್ಪಿಸುವುದಿಲ್ಲ. ತಿಂಗಳ ಗುಳಿಗೆ ತಂದ ಮೇಲೆ ಒಂದು ಬೆಳಿಗ್ಗೆ ಬ್ರಹ್ಮಾವರಕ್ಕೆ ಹೋಗಿ, ಕಾಮಾಲೆ ಅಮ್ಮನ ಕೈ ಮುಟ್ಟಿಸಿಕೊಂಡು ಬರುತ್ತಾಳೆ. ಈಗ ಗಂಜಿ ಉಂಡೇ ಹೊರಡುತ್ತಾಳೆ, ಹಾಗೆಂದು ಕಾಮಾಲೆ ಅಮ್ಮನ ಅಪ್ಪಣೆ. ಹೊಟ್ಟೆ ಉರಿಯೂ ಕಡಿಮೆಯಂತೆ. ಡಾಕ್ಟರಿಗೆ ನಾನು ಇದನ್ನು ಹೇಳಿದಾಗ ಅವರು ರಕ್ತಪರೀಕ್ಷೆಯ ಚೀಟಿ ನೋಡಿ, "ಹೋಗಲಿ ಬಿಡಿ ಸಾರ್, ಕೈ ಮುಟ್ಟಿಸಲಿ" ಎಂದರು.

ಭಾನುವಾರದ ಪಟ ನನ್ನದೇ ಬೇಡಿಕೆ. ನನ್ನ ಸಮಾಧಾನಕ್ಕೆ. ಕಳೆದ ತಿಂಗಳು ಒಂದು ಭಾನುವಾರ ಎಂದಿನಂತೆ ಪಟ ಬಂತು, ನಾನು ಎಂದಿನಂತೆ ಹೆಬ್ಬೆರಳು ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನು.

"ಸಮಾ ಕಂಡ್ಯಾ?"

"ಕಂಡೆ. ಖಾಲಿಯಾಗಿದೆ."

"ಅದ್ ಹೋದ್ ವಾರದ್ದೇ ಪಟ. ಅದ್ಕೂ ಮುಂಚಿನ್ ವಾರದ್ದೂ ಅದೇ. ಮೂರ್ ವಾರ ಒಂದೇ ಪಟ ಹಾಕಿದೆ, ನಿಂಗ್ ಗೊತ್ತೇ ಆಯ್ಲಿಲ್ಲ." ಹಿಂದಿನಿಂದ ಭಾವ ನಗುವುದು ಕೇಳುತ್ತಿತ್ತು.

"ಹಾಗಾದರೆ ಗುಳಿಗೆ?"

"ತಿಂದಿದೆ ಮಾರಾಯ. ಹೆದ್ರ್ಬೇಡ. ನಂಬಿಕಿ ಇಲ್ದಿದ್ರೆ ಬಂದ್ ಕಾಣ್."

ಹೋದೆ. ಅದೇ ಹೊತ್ತಿಗೆ ಬೈಂದೂರಿನ ಬಸ್ಸು ಹತ್ತಿದೆ. ಅಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಖಾಲಿ ಸ್ಟ್ರಿಪ್ ಸಾಲಾಗಿ ಇಟ್ಟಿದ್ದಳು. ಉಪ್ಪಿನ ಭರಣಿಯ ಪಕ್ಕವೇ. ಒಂದೊಂದನ್ನೂ ಎತ್ತಿ ಗುಳ್ಳೆಯ ಮೇಲೆ ಬೆರಳಾಡಿಸಿದೆ. ಎಲ್ಲ ಒಡೆದಿದ್ದವು. ಆಮೇಲೆ ಅವಳು ಸ್ಟೂಲಿನ ಮೇಲೆ ಕಾಲಿಟ್ಟು ಬೆರಳು ತೋರಿಸಿದಳು. ಕಲೆ ಹುಡುಕಬೇಕಾಯಿತು.

"ಆಯ್ತಾ?" ಎಂದಳು.

"ಆಯ್ತು."

"ಇನ್ನ್ ಪಟ ಬ್ಯಾಡ. ತಿಂಗ್ಳಿಗೊಂದ್ ಸಲ ಹೀಂಗೇ ಬಾ," ಎಂದು ಅವಳು ಒಲೆಯ ಮೇಲೆ ಚಾಕ್ಕೆ ನೀರಿಟ್ಟಳು. ಪಟ ಮಾತ್ರ ಈಗಲೂ ಕಳಿಸುತ್ತಾಳೆ.